ತೂಕದ ಮಷೀನಿನ ಪಕ್ಕದ ಹಾಜರಿ ಪುಸ್ತಕ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಜಿಮ್. ಕೆಳಗಿನಿಂದ ದಿಲ್‌ಪಸಂದ್ ಬೇಯುವ ವಾಸನೆ ಏರಿ ಬರುತ್ತದೆ, ಮೇಲೆ ನಾವು ಬೆವರು ಹರಿಸುತ್ತೇವೆ. ಹದಿನಾರು ವರ್ಷದಿಂದ ಈ ಎರಡರ ಜಗಳ ನಡೆದೇ ಇದೆ. ಒಳಗೆ ಬಂದ ಕೂಡಲೇ ಎಡಕ್ಕೆ ತೂಕದ ಮಷೀನು, ಬಲಕ್ಕೆ ಆಳೆತ್ತರದ ಕನ್ನಡಿ, ಎದುರಿನ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿನ ಜೊತೆ ಹಾಜರಿ ಪುಸ್ತಕ. ಹೊಸಬರು ಮೊದಲು ಮಷೀನ್ ಹತ್ತುತ್ತಾರೆ, ಆಮೇಲೆ ಕನ್ನಡಿ ನೋಡುತ್ತಾರೆ. ಪುಸ್ತಕಕ್ಕೆ ಸಹಿ ಹಾಕಿ ಅಂತ ನಾನೇ ಕರೆದು ಹೇಳಬೇಕು.

2023ರ ಜುಲೈನಲ್ಲಿ ಸಾರಿಗೆ ಬಸ್ಸಿನ ಕಂಡಕ್ಟರ್ ಒಬ್ಬರು ಸೇರಿದರು. ವಯಸ್ಸು ನಲವತ್ತೆಂಟು. ನಮ್ಮ ಜಿಮ್‌ನಲ್ಲಿ ಎಲ್ಲರಿಗೂ ಅವರು 'ಕಂಡಕ್ಟರ್ ಅಕ್ಕ'. ಒಂದು ವರ್ಷ ಬಿಡದೆ ಬಂದರು. ಅವರ ಆ ವರ್ಷವನ್ನು ನಾವು ಹೇಗೆ ಸಂಭ್ರಮಿಸಿದೆವು, ಅದಕ್ಕೂ ಮೊದಲು ಬೇರೆಯವರ ವಿಷಯದಲ್ಲಿ ನಾನು ಎಲ್ಲೆಲ್ಲಿ ಎಡವಿದ್ದೆ, ಇದರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲ ದಿನದ ಚೀಟಿಯನ್ನು ಜೋಪಾನ ಮಾಡಿ

ಎಲ್ಲಿಂದ ಹೊರಟೆವು ಅಂತ ಗೊತ್ತಿಲ್ಲದವರಿಗೆ ಎಷ್ಟು ದೂರ ಬಂದೆವು ಅನ್ನುವುದೂ ತಿಳಿಯುವುದಿಲ್ಲ. ಅದಕ್ಕೇ ಸೇರಿದ ದಿನ ಒಂದು ಚೀಟಿ ಬರೆಯುತ್ತೇನೆ. ಅದರಲ್ಲಿ ತೂಕ ಒಂದು ಸಾಲು ಮಾತ್ರ. ಸೊಂಟದ ಸುತ್ತಳತೆ ಎಷ್ಟು, ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆಯೇ, ನಿದ್ದೆ ಹೇಗೆ, ಎಲ್ಲಿ ನೋವು ಅನ್ನುವುದೂ ಇರುತ್ತದೆ. ಜೊತೆಗೆ ಕುರ್ಚಿ ಪರೀಕ್ಷೆ: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲಿರಿ? ಹಿರಿಯರ ಕಾಲಿನ ಬಲ ಅಳೆಯಲು ವೈದ್ಯರು ಬಳಸುವ ಪರೀಕ್ಷೆ ಇದು. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲು ಸೋತಿದೆ ಅಂತ ಲೆಕ್ಕ. ನಲವತ್ತೆಂಟರ ಅಕ್ಕನಿಗೆ ಬಂದದ್ದು 9.

"ದಿನಕ್ಕೆ ಎಂಟು ಗಂಟೆ ನಿಂತೇ ಇರ್ತೀನಿ ಸಾರ್, ಕಾಲು ಗಟ್ಟಿ ಇರಬೇಕಲ್ವಾ?" ಅಂತ ಕೇಳಿದರು. ನಿಂತು ನಿಂತು ಕಾಲು ದಣಿಯುತ್ತದೆ, ಬಲ ಬರುವುದಿಲ್ಲ. ಬಲ ಬರಬೇಕಾದರೆ ಸ್ನಾಯು ತನ್ನ ರೂಢಿಗಿಂತ ಒಂದಿಷ್ಟು ಹೆಚ್ಚಿನ ಭಾರಕ್ಕೆ ಎದೆಯೊಡ್ಡಿ, ಆಮೇಲೆ ವಿಶ್ರಾಂತಿ ಪಡೆಯಬೇಕು. ಆ ವರ್ಷ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿ ಬಸ್ಸುಗಳು ಕಿಕ್ಕಿರಿದಿದ್ದವು. ಆ ನೂಕುನುಗ್ಗಲಿನಲ್ಲಿ ಹಿಂದಿನ ಸೀಟಿನಿಂದ ಮುಂದಿನ ಬಾಗಿಲವರೆಗೆ ಓಡಾಡಿ ಅವರ ಮಂಡಿ ಹೈರಾಣಾಗಿತ್ತು. ಮಂಡಿ ನೋಡಿದ ವೈದ್ಯರು ತೊಡೆ ಗಟ್ಟಿ ಮಾಡಿಕೊಳ್ಳಿ ಅಂದಿದ್ದರಂತೆ. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ 6.2 ಇತ್ತು, ಸಕ್ಕರೆ ಕಾಯಿಲೆಯ ಹೊಸ್ತಿಲು.

ಚೀಟಿಯ ಕೊನೆಯ ಸಾಲು 'ಆಸೆ'. ವರ್ಷ ಕಳೆದ ಮೇಲೆ ಏನು ಮಾಡಬೇಕು ಅಂತ ಆಸೆ? ಹೆಚ್ಚಿನವರು '10 ಕೆ.ಜಿ ಇಳಿಯಬೇಕು' ಅಂತ ಬರೆಯುತ್ತಾರೆ. ಅಕ್ಕ ಏನೋ ಬರೆದು, ಚೀಟಿ ಮಡಚಿ ಕೊಟ್ಟರು. ನಾನು ಹಾಗೇ ಫೈಲಿಗೆ ಹಾಕಿದೆ.

2. ವೈದ್ಯರ ಮಾತು ಮೊದಲು, ನನ್ನ ಮಾತು ಆಮೇಲೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. ಮುಂದಿನ ಕೆಲವು ವಾರ ನನ್ನ ಜಿಮ್ ಭಣಗುಡುತ್ತಿತ್ತು. ಮನೆಯವರು ಬಿಡುತ್ತಿಲ್ಲ ಅಂತ ಹುಡುಗರು ಫೋನ್ ಮಾಡಿದರು. ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ವ್ಯಾಯಾಮದಿಂದಲೇ ಹಾಗಾಯಿತು ಅನ್ನುವ ಗಾಳಿಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಆ ಭಯದಿಂದ ಒಂದು ಒಳ್ಳೆಯ ರೂಢಿ ಹುಟ್ಟಿತು. ಅಂದಿನಿಂದ ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು, ಮನೆಯಲ್ಲಿ ಹೃದಯದ ಕಾಯಿಲೆಯ ಚರಿತ್ರೆ ಇರುವವರು ವೈದ್ಯರ ಬಳಿ ಹೋಗಿ ಬಂದ ಮೇಲೆಯೇ ಭಾರ ಎತ್ತುವುದು. ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಲೆಸುತ್ತು ಬಂದರೆ ಆ ಸೆಟ್ ಅಲ್ಲಿಗೇ ನಿಂತಿತು, ಆಸ್ಪತ್ರೆಯ ದಾರಿ ಹಿಡಿಯಬೇಕು. 'ಇನ್ನೊಂದು ರೆಪ್ ಗುರು' ಅಂತ ಪಕ್ಕದವರು ಹುರಿದುಂಬಿಸುವಂತಿಲ್ಲ.

3. ತೂಕದ ಮಷೀನಿಗೆ ಒಂದು ಕಿವಿ ಸಾಕು

ಮೊದಲ ಆರು ವಾರ ಅಕ್ಕನ ತೂಕ ಒಂದು ಕೆ.ಜಿ ಕೂಡ ಇಳಿಯಲಿಲ್ಲ. ನಡುವೆ ಒಂದು ಸೋಮವಾರ ಒಂದೂವರೆ ಕೆ.ಜಿ ಏರಿಯೇ ಇತ್ತು. ಹಿಂದಿನ ದಿನ ತಂಗಿಯ ಮನೆಯಲ್ಲಿ ಗೃಹಪ್ರವೇಶವಂತೆ. ಪುಳಿಯೋಗರೆ, ಹಪ್ಪಳ, ಉಪ್ಪಿನಕಾಯಿ, ಎರಡು ಹೋಳಿಗೆ. ಮುಖ ಬಾಡಿತ್ತು.

ನಾನು ಲೆಕ್ಕ ಬಿಡಿಸಿ ಹೇಳಿದೆ. ಒಂದು ಕೆ.ಜಿ ಕೊಬ್ಬು ಸೇರಬೇಕಾದರೆ ದೇಹಕ್ಕೆ ಬೇಕಾದದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿಂದಿರಬೇಕು. ಒಂದು ಮಧ್ಯಾಹ್ನದಲ್ಲಿ ಯಾರಿಗೂ ಆಗದ ಕೆಲಸ ಅದು. ಏರಿದ್ದು ನೀರು. ಉಪ್ಪು ನೀರನ್ನು ಹಿಡಿದಿಡುತ್ತದೆ. ಅನ್ನ, ಬೆಲ್ಲ ಸ್ನಾಯುವಿನಲ್ಲಿ ಗ್ಲೈಕೊಜೆನ್ ಆಗಿ ಕೂತಾಗ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಕೂರಿಸಿಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹಾಗೆಯೇ, ಮೊದಲ ವಾರದಲ್ಲೇ ಮೂರು ಕೆ.ಜಿ ಇಳಿಯಿತು ಅಂತ ಯಾರಾದರೂ ಕುಣಿದರೆ, ಅದರಲ್ಲಿ ಬಹುಪಾಲು ನೀರೇ.

ಇಳಿದಾಗ ಕೇಕ್ ಕತ್ತರಿಸಿದರೆ, ಏರಿದಾಗ ಅವರು ಮುಖ ಮುಚ್ಚಿಕೊಂಡು ಮನೆಯಲ್ಲಿ ಕೂರುತ್ತಾರೆ. ಮಷೀನಿನ ಸಂಖ್ಯೆಗೆ ಚಪ್ಪಾಳೆ ಹೊಡೆಯುವುದನ್ನು ನಾನು ಬಿಟ್ಟದ್ದು ಈ ಕಾರಣಕ್ಕೆ. ವರ್ಷದ ಕೊನೆಗೆ ಅಕ್ಕ ಇಳಿದದ್ದು ಮೂರೂವರೆ ಕೆ.ಜಿ. ಅಷ್ಟನ್ನೇ ನೋಡಿದ್ದರೆ, ಇದೇನು ಮಹಾ ಅಂತ ಎಲ್ಲರೂ ಮರೆತುಬಿಡುತ್ತಿದ್ದರು.

4. ಮೊದಲ ತಿಂಗಳ ಗೆಲುವು ಕನ್ನಡಿಗೆ ಕಾಣುವುದಿಲ್ಲ

ಅಕ್ಕ ಮೂರನೇ ವಾರಕ್ಕೇ ಮೊದಲಿಗಿಂತ ಹೆಚ್ಚು ಭಾರ ಎತ್ತಿದರು. ತೋಳು ಮಾತ್ರ ಇದ್ದ ಹಾಗೇ ಇತ್ತು. ಇದು ಎಲ್ಲರಿಗೂ ಆಗುವುದು. ಮೊದಲ ವಾರಗಳ ಬಲ ಬಹುಪಾಲು ನರಮಂಡಲದ್ದು: ಇರುವ ಸ್ನಾಯುಗಳನ್ನೇ ಮೆದುಳು ಹೆಚ್ಚು ಹೆಚ್ಚು ಎಳೆಗಳನ್ನು ಒಟ್ಟುಗೂಡಿಸಿ, ಹದವಾಗಿ ದುಡಿಸಲು ಕಲಿಯುತ್ತದೆ. ಸ್ನಾಯು ಕಣ್ಣಿಗೆ ಕಾಣುವಂತೆ ಬೆಳೆಯಲು ತಿಂಗಳುಗಳು ಬೇಕು. ಈ ನಡುವಿನ ಕಾಲದಲ್ಲೇ ಜನ ಬಿಟ್ಟುಹೋಗುವುದು. ದುಡ್ಡು ಕಟ್ಟಿದ್ದೇನೆ, ಬೆವರು ಸುರಿಸಿದ್ದೇನೆ, ಕನ್ನಡಿಯಲ್ಲಿ ಅದೇ ಹಳೇ ಮುಖ!

ಹಾಗಾಗಿ ಮೊದಲ ಎರಡು ತಿಂಗಳು ನಾನು ಕನ್ನಡಿಯ ಪರವಾಗಿ ಮಾತಾಡುತ್ತೇನೆ. "ಹೋದ ವಾರ ಸ್ಕ್ವಾಟ್ ಮಾಡುವಾಗ ಹಿಮ್ಮಡಿ ಏಳ್ತಿತ್ತು, ಈಗ ನೆಲ ಬಿಟ್ಟಿಲ್ಲ, ನೋಡಿದ್ರಾ ಅಕ್ಕ?" ಇಂಥ ಸಣ್ಣ ಗೆಲುವುಗಳು ಅವರಿಗೆ ಕಾಣುವುದಿಲ್ಲ, ಕಂಡು ಹೇಳುವುದಕ್ಕೇ ನನಗೆ ಫೀಸು.

5. ಇಪ್ಪತ್ತೊಂದು ದಿನದ ಮಂತ್ರ ನಂಬಬೇಡಿ

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅಂತ ನಾನೂ ಗೋಡೆಗೆ ಬರೆಸಿದ್ದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಹಿಡಿಯುತ್ತದೆ ಅಂತ ಅವರು ಗಮನಿಸಿದ್ದರು. ಮುಖದ ಮಾತು ವ್ಯಾಯಾಮಕ್ಕೂ ಅಂಟಿಕೊಂಡಿತು, 'ಕನಿಷ್ಠ' ಅನ್ನುವುದು ದಾರಿಯಲ್ಲಿ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹಿಂಬಾಲಿಸಿ ನೋಡಿದಾಗ ಹೊಸ ಅಭ್ಯಾಸ ಬೇರೂರಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ವ್ಯತ್ಯಾಸ ಇತ್ತು. ಅದರಲ್ಲಿ ನನಗೆ ಹಿಡಿಸಿದ ಸಂಗತಿ ಬೇರೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಅಕ್ಕನಿಗೆ ಇದು ಬಹಳ ಬೇಕಾಗಿದ್ದ ಮಾತು. ಅವರ ಪಾಳಿ ಬದಲಾಗುತ್ತಲೇ ಇರುತ್ತದೆ. ಒಂದು ವಾರ ನಸುಕಿನ ಐದಕ್ಕೆ ಡಿಪೊ, ಇನ್ನೊಂದು ವಾರ ರಾತ್ರಿ ಹತ್ತಕ್ಕೆ ಮನೆ. ದಿನಾ ಬೆಳಿಗ್ಗೆ ಆರಕ್ಕೆ ಬನ್ನಿ ಅಂದಿದ್ದರೆ ಎರಡನೇ ವಾರಕ್ಕೇ ನಿಲ್ಲುತ್ತಿದ್ದರು. ಗಂಟೆ ಕಟ್ಟಲಿಲ್ಲ, ವಾರಕ್ಕೆ ಮೂರು ಸಹಿ ಅಂತ ಕಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೂ ವಾರದ ಲೆಕ್ಕವೇ: 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ.

ನನ್ನ ಜಿಮ್‌ನಲ್ಲಿ ಒಂದೇ ನಿಯಮ: ಒಂದು ಸಲ ತಪ್ಪಿದರೆ ಪ್ರಶ್ನೆ ಇಲ್ಲ, ಎರಡು ಸಲ ತಪ್ಪಿದರೆ ನನ್ನ ಫೋನ್. ಆ ಫೋನಿನಲ್ಲಿ ಬೈಗುಳ ಇಲ್ಲ. "ಊಟ ಆಯ್ತಾ ಅಕ್ಕ, ಮಂಡಿ ಹೇಗಿದೆ?" ಅಷ್ಟೇ. ಮಾರ್ಚ್‌ನಲ್ಲಿ ಅವರ ಮಾವ ತೀರಿಕೊಂಡು ಹದಿನಾರು ದಿನ ಬರಲಾಗಲಿಲ್ಲ. ಎಲ್ಲ ನೀರಿಗೆ ಹೋಯಿತು ಅಂದುಕೊಂಡೇ ಬಂದರು. ಎರಡು ಮೂರು ವಾರದ ಬಿಡುವಿಗೆ ಬಲ ಅಷ್ಟು ಸುಲಭವಾಗಿ ಕರಗುವುದಿಲ್ಲ, ಮೊದಲು ಇಳಿಯುವುದು ದಮ್ಮು. ಸ್ವಲ್ಪ ಭಾರ ಇಳಿಸಿ ಶುರು ಮಾಡಿದೆವು, ಹತ್ತೇ ದಿನದಲ್ಲಿ ಹಳೆಯ ಜಾಗಕ್ಕೆ ಮರಳಿದರು. ಆ ವರ್ಷ ಬೀಳಬೇಕಿದ್ದ ಸಹಿ 156, ಬಿದ್ದದ್ದು 131. ಪುಸ್ತಕದಲ್ಲಿ ನನಗೆ ಇಷ್ಟವಾದ ಸಹಿ ಆ ಹದಿನಾರು ದಿನ ಕಳೆದು ಬಿದ್ದ ಸಹಿ.

6. ಸಂಖ್ಯೆಯನ್ನು ಅವರ ಮನೆಯ ಭಾಷೆಗೆ ತನ್ನಿ

ಡೆಡ್‌ಲಿಫ್ಟನ್ನು ಅಕ್ಕ ಬರೀ ಕೋಲಿನಲ್ಲಿ ಕಲಿತರು. ಬೆನ್ನು ನೇರ, ಸೊಂಟದಿಂದ ಬಾಗುವುದು, ಕೋಲು ತೊಡೆಗೆ ಸವರಿಕೊಂಡೇ ಇಳಿಯುವುದು. ಐದನೇ ವಾರಕ್ಕೆ 20 ಕೆ.ಜಿಯ ಬರಿ ಬಾರ್. ಆಮೇಲೆ ಎರಡು ಬದಿಗೂ ಒಂದೂಕಾಲು ಕೆ.ಜಿಯ ಪುಟ್ಟ ಪ್ಲೇಟು. ಜಿಮ್‌ನ ಹುಡುಗರು ಆ ಪ್ಲೇಟನ್ನು 'ಬಿಸ್ಕತ್ತು' ಅನ್ನುತ್ತಾರೆ, ಮುಟ್ಟಲು ನಾಚುತ್ತಾರೆ. ಅಕ್ಕ ಬಿಸ್ಕತ್ತು ಸೇರಿಸಿ ಸೇರಿಸಿಯೇ ಮೇಲೆ ಬಂದರು. ಮೂರು ಸೆಟ್‌ನಲ್ಲೂ ಹತ್ತು ರೆಪ್ ಕದಲದೆ ಆದರೆ ಮಾತ್ರ ಮುಂದಿನ ಭಾರ.

30 ಕೆ.ಜಿ ಎತ್ತಿದ ದಿನ "ಮೂವತ್ತು" ಅಂದೆ. ಸುಮ್ಮನೆ ತಲೆಯಾಡಿಸಿದರು. "ಅಕ್ಕ, ತುಂಬಿದ ಗ್ಯಾಸ್ ಸಿಲಿಂಡರ್ ಹೆಚ್ಚುಕಡಿಮೆ ಇಷ್ಟೇ ತೂಗೋದು" ಅಂದೆ. ಬಾರ್ ಕಡೆ ತಿರುಗಿ ನೋಡಿದರು, ಆಮೇಲೆ ತಮ್ಮ ಅಂಗೈ ನೋಡಿಕೊಂಡರು. "ಮನೇಲಿ ಅದನ್ನ ಉರುಳಿಸಿಕೊಂಡು ಹೋಗೋಕೆ ಮಗನ್ನ ಕಾಯ್ತೀನಲ್ಲ ಸಾರ್!" ವರ್ಷದ ಕೊನೆಗೆ ಅವರು ಎತ್ತುತ್ತಿದ್ದದ್ದು 50, ಅಂದರೆ ಎರಡು ಅಕ್ಕಿಮೂಟೆ.

ಪಕ್ಕದವರ ಭಾರದ ಜೊತೆ ಹೋಲಿಕೆ ಬೇಡ ಅಂತ ಹೇಳುವಾಗ ನಾನು ನಮ್ಮ ಕುಂದಾಪುರದ ಕಡೆಯ ವೇಟ್‌ಲಿಫ್ಟರ್ ಗುರುರಾಜ್ ಪೂಜಾರಿಯವರ ಉದಾಹರಣೆ ಕೊಡುತ್ತೇನೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ ವಿಭಾಗದಲ್ಲಿ ಒಟ್ಟು 249 ಕೆ.ಜಿ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 61 ಕೆ.ಜಿ ವಿಭಾಗದಲ್ಲಿ 269 ಎತ್ತಿದರು, ಸಿಕ್ಕಿದ್ದು ಕಂಚು. ದೇಶಕ್ಕೇ ಆಡುವ ಪೈಲ್ವಾನನಿಗೂ ಇಪ್ಪತ್ತು ಕೆ.ಜಿ ಏರಲು ನಾಲ್ಕು ವರ್ಷ. ಭಾರ ಏರಿತು, ಪದಕದ ಬಣ್ಣ ಇಳಿಯಿತು. ಬಣ್ಣ ಎದುರಾಳಿಗಳ ಮೇಲೂ ನಿಂತಿದೆ. ಆ ಇಪ್ಪತ್ತು ಕೆ.ಜಿ ಪೂರ್ತಿ ಅವರದ್ದು.

7. ಗೋಡೆಗೆ ಫೋಟೊ ಹಾಕುವ ಮುನ್ನ ಹತ್ತು ಸಲ ಯೋಚಿಸಿ

ಇದು ನನ್ನ ದೊಡ್ಡ ತಪ್ಪು. ಜಿಮ್ ಶುರುವಾದ ಮೂರನೇ ವರ್ಷ, ಪಿಯು ಕಾಲೇಜಿನ ಯುವ ಉಪನ್ಯಾಸಕರೊಬ್ಬರು ಹತ್ತು ತಿಂಗಳಲ್ಲಿ 18 ಕೆ.ಜಿ ಇಳಿದರು. ಅವರಿಗಿಂತ ಹೆಚ್ಚು ಹಿಗ್ಗಿದವನು ನಾನು. ಒಂದು ಸಂಜೆ ಕೊನೆಯ ಸೆಟ್ ಮುಗಿಸಿ ಏದುಸಿರು ಬಿಡುತ್ತಿದ್ದವರನ್ನು "ಸಾರ್, ಫೋಟೊ ಹಾಕ್ಲಾ?" ಅಂತ ಕೇಳಿದೆ. "ಹೂಂ" ಅಂದರು. ಆ ಒಂದು ಹೂಂಗುಟ್ಟುವಿಕೆಯನ್ನೇ ನಂಬಿ, ಮೆಟ್ಟಿಲ ಬಳಿ ಆರಡಿಯ ಫ್ಲೆಕ್ಸ್ ಕಟ್ಟಿಸಿದೆ. ಎಡಕ್ಕೆ ಅಂಗಿ ಬಿಚ್ಚಿದ ಹಳೆಯ ಹೊಟ್ಟೆ, ಬಲಕ್ಕೆ ಹೊಸ ಮೈ, ಮೇಲೆ ಅಭಿನಂದನೆಗಳು.

ಕೆಳಗಿನ ಬೇಕರಿಗೆ ಪಫ್ಸ್ ತಿನ್ನಲು ಬಂದ ಅವರದ್ದೇ ವಿದ್ಯಾರ್ಥಿಗಳು ಎಡಗಡೆಯ ಫೋಟೊ ಮಾತ್ರ ಮೊಬೈಲ್‌ನಲ್ಲಿ ತೆಗೆದುಕೊಂಡರು. ಮರುದಿನ ತರಗತಿಯಲ್ಲಿ ಏನಾಯಿತು ಅಂತ ನನಗೆ ಬೇರೆಯವರಿಂದ ಗೊತ್ತಾಯಿತು. ಭಾನುವಾರ ರಾತ್ರಿ ನಾನೇ ಏಣಿ ಹಾಕಿ ಫ್ಲೆಕ್ಸ್ ಇಳಿಸಿದೆ. ಅವರು ಮತ್ತೆ ಬರಲಿಲ್ಲ. ಹತ್ತು ತಿಂಗಳಲ್ಲಿ ಅವರು ಕಟ್ಟಿದ್ದನ್ನು ನಾನು ಒಂದು ವಾರದಲ್ಲಿ ಕೆಡವಿದ್ದೆ.

ಆಮೇಲೆ ಎಷ್ಟೋ ದಿನ ನನಗೆ ಕೆ.ವಿ. ಅಯ್ಯರ್ ಅವರ 'ರೂಪದರ್ಶಿ' ನೆನಪಾಗುತ್ತಿತ್ತು. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಅಂಗಸಾಧಕರು, ನಮ್ಮ ಕಸುಬಿನ ಹಿರಿಯರು. ಅವರ ಆ ಕಾದಂಬರಿಯಲ್ಲಿ ಬಾಲ ಯೇಸುವಿನ ಚಿತ್ರಕ್ಕೆ ರೂಪದರ್ಶಿಯಾದ ಮುಗ್ಧ ಹುಡುಗನೇ ವರ್ಷಗಳು ಉರುಳಿದ ಮೇಲೆ ಜೂದಾಸನ ಚಿತ್ರಕ್ಕೆ ರೂಪದರ್ಶಿಯಾಗಿ ಬಂದು ನಿಲ್ಲುತ್ತಾನೆ. ಒಂದೇ ಮನುಷ್ಯನ ಎರಡು ಚಿತ್ರ. ಆ ಎರಡರ ನಡುವೆ ಅವನು ಬದುಕಿದ್ದೇ ನಮ್ಮನ್ನು ಕಾಡುವುದು. ನನ್ನ ಫ್ಲೆಕ್ಸಿನಲ್ಲಿ ಎಡ ಬಲ ಇತ್ತು, ನಡುವಿನ ಹತ್ತು ತಿಂಗಳಿಗೆ ಜಾಗವೇ ಇರಲಿಲ್ಲ.

ಈಗ ಫೋಟೊ ಅವರ ಮೊಬೈಲ್‌ನಲ್ಲೇ ತೆಗೆಯುತ್ತೇವೆ, ಅವರ ಬಳಿಯೇ ಇರುತ್ತದೆ. ಹಾಕಬೇಕು ಅನ್ನಿಸಿದರೆ ಅವರೇ ಆರಿಸಿ ಕೊಡಬೇಕು, ಬರೆದು ಕೊಡಬೇಕು, ಅದೂ ಬೆವರು ಆರಿದ ಮರುದಿನ.

8. ಹೊಗಳುವಾಗ ಮೈಯನ್ನು ಬಿಟ್ಟು ಕೆಲಸವನ್ನು ಹೊಗಳಿ

ನನ್ನ ತಾತ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಅವರ ಉಸ್ತಾದರ ಬಾಯಿಂದ ಹೊಗಳಿಕೆ ಬರುವುದೇ ಅಪರೂಪವಂತೆ. ಬಂದರೆ, "ಇವತ್ತು ಬಸ್ಕಿಯಲ್ಲಿ ಉಸಿರು ತಪ್ಪಲಿಲ್ಲ" ಅಂತ ಬರುತ್ತಿತ್ತು. ಎದೆ ಎಷ್ಟು ಅಗಲ, ತೋಳು ಎಷ್ಟು ದಪ್ಪ ಅನ್ನುವ ಮಾತೇ ಇಲ್ಲ.

"ಸಣ್ಣಗಾಗಿದ್ದೀರಲ್ಲ!" ಅನ್ನುವುದು ನಮ್ಮಲ್ಲಿ ದೊಡ್ಡ ಶಹಬ್ಬಾಸ್. ಆದರೆ ಅದು ಕೇಳುವವರಿಗೆ ಎರಡು ಮಾತು ಹೇಳುತ್ತದೆ: ಮೊದಲು ನೀವು ಚೆನ್ನಾಗಿರಲಿಲ್ಲ, ಮತ್ತೆ ದಪ್ಪಗಾದರೆ ನಾವು ಗಮನಿಸುತ್ತೇವೆ. ಕಾಯಿಲೆಯಿಂದ ಸಣ್ಣಗಾದವರಿಗೂ ಅದೇ ಮಾತು ಹೇಳಿ ನಾನು ನಾಲಿಗೆ ಕಚ್ಚಿಕೊಂಡದ್ದಿದೆ. ಈಗ ಕಂಡ ಕೆಲಸವನ್ನೇ ಹೆಸರಿಸುತ್ತೇನೆ. "ರಾತ್ರಿ ಪಾಳಿ ಮುಗಿಸಿ ಬಂದು ಮೂರು ಸೆಟ್ ಪೂರ್ತಿ ಮಾಡಿದ್ರಿ." ಇದು ನಾಳೆಯೂ ಅವರ ಕೈಯಲ್ಲಿರುವ ಸಂಗತಿ.

9. ಸಿಹಿ ತಿನ್ನಿಸಿ, ಆದರೆ ತಟ್ಟೆಯನ್ನೂ ಸರಿಪಡಿಸಿ

ಸಂಭ್ರಮಕ್ಕೆ ಮೈಸೂರು ಪಾಕ್ ತಂದರೆ ನಾನು ಬೇಡ ಅನ್ನುವುದಿಲ್ಲ. ಒಂದು ತುಂಡಿನಿಂದ ವರ್ಷದ ಸಾಧನೆ ಮುಳುಗದು. ಕೆಲಸ ಇರುವುದು ದಿನದ ತಟ್ಟೆಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡವರಿಗೆ ಹೇಳುವ ಪ್ರೋಟೀನ್ ಪ್ರತಿ ಕೆ.ಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಭಾರ ಎತ್ತುವವರಿಗೆ ಇನ್ನಷ್ಟು ಬೇಕು. ಅಕ್ಕ ಬೆಳಿಗ್ಗೆ ಕಾಫಿ, ಬನ್ನು, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ ಅಂತಿದ್ದರು. ಮುದ್ದೆ ಬಿಡಿಸಲಿಲ್ಲ. ಜೊತೆಗೆ ಹುರುಳಿಯ ಸಾರು ಗಟ್ಟಿಯಾಯಿತು, ಡಬ್ಬಿಗೆ ಎರಡು ಬೇಯಿಸಿದ ಮೊಟ್ಟೆ, ಸಂಜೆ ಹುರಿಗಡಲೆ. ದುಬಾರಿ ಪುಡಿಯ ಡಬ್ಬ ಬೇಕಾಗಲೇ ಇಲ್ಲ.

10. ನಿಜವಾದ ಗೆಲುವು ಜಿಮ್‌ನ ಹೊರಗೆ ನಡೆಯುತ್ತದೆ

2024ರ ಆಷಾಢದ ಒಂದು ಶನಿವಾರ ಅಕ್ಕ ಬಂದು ಸಹಿ ಹಾಕುವಾಗ ಉಗುರ ಸಂದಿಯಲ್ಲಿ ಅರಿಶಿನ ಕುಂಕುಮ ಕಂಡಿತು. ತೊಡೆ ಸ್ವಲ್ಪ ಹಿಡಿದುಕೊಂಡಿದೆ, ಇವತ್ತು ಕಾಲಿನ ವ್ಯಾಯಾಮ ಬೇಡ ಅಂದರು. ಏನಾಯಿತು ಅಂತ ಕೇಳಿದೆ. "ಏನಿಲ್ಲ ಸಾರ್, ನಿನ್ನೆ ರಜ ಹಾಕಿದ್ದೆ" ಅಂದರು, ಅಷ್ಟೇ.

ಅಕ್ಟೋಬರ್‌ನಲ್ಲಿ ಆಯುಧಪೂಜೆ ಬಂತು. ನಮ್ಮಲ್ಲಿ ಅಂದು ಡಂಬಲ್, ಬಾರ್, ಟ್ರೆಡ್‌ಮಿಲ್ ಎಲ್ಲಕ್ಕೂ ತೊಳೆದು ಕುಂಕುಮ ಇಟ್ಟು ಚೆಂಡುಹೂ ಏರಿಸುತ್ತೇವೆ. ಫ್ಲೆಕ್ಸಿನ ಪ್ರಸಂಗದ ಮರುವರ್ಷದಿಂದ ಹಾಜರಿ ಪುಸ್ತಕಕ್ಕೂ ಪೂಜೆ. ವರ್ಷ ಪೂರೈಸಿದವರಿಗೆ ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಒಂದು ಲಕೋಟೆ ಕೊಡುತ್ತೇನೆ. ಒಳಗೆ ಮೊದಲ ದಿನದ ಅದೇ ಚೀಟಿ, ಪಕ್ಕದಲ್ಲಿ ಇವತ್ತಿನ ಲೆಕ್ಕ. ಗಟ್ಟಿಯಾಗಿ ಓದುವುದಿಲ್ಲ. ತೋರಿಸುವುದು, ಬಿಡುವುದು ಅವರಿಗೆ ಬಿಟ್ಟದ್ದು.

ಅಕ್ಕ ಅಲ್ಲೇ ಬಿಡಿಸಿದರು. ಕುರ್ಚಿ ಪರೀಕ್ಷೆ 9 ಇದ್ದದ್ದು 18. ಎಚ್‌ಬಿಎ1ಸಿ 6.2ರಿಂದ 5.8. ಬೆರಳು ಕೆಳಗಿಳಿದು ಕೊನೆಯ ಸಾಲಿನ ಮೇಲೆ ನಿಂತಿತು. ಚೀಟಿಯನ್ನು ನನ್ನ ಕಡೆ ತಿರುಗಿಸಿದರು. 'ಆಸೆ' ಅನ್ನುವ ಕಡೆ ಬರೆದಿತ್ತು: ಬೆಟ್ಟದ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುವುದು.

ಚಾಮುಂಡಿ ಬೆಟ್ಟಕ್ಕೆ ಸಾವಿರದ ಲೆಕ್ಕದಲ್ಲಿ ಮೆಟ್ಟಿಲು. ಆಷಾಢ ಶುಕ್ರವಾರ ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ. ಹತ್ತುವುದೇ ಕಷ್ಟ, ಪ್ರತಿ ಮೆಟ್ಟಿಲಿಗೂ ಬಗ್ಗಿ ಏಳುವುದು ಅದರ ಮೇಲೆ. ಕೋಲು ಹಿಡಿದು ವಾರಗಟ್ಟಲೆ ಅವರು ಕಲಿತ ಬಾಗು ಅದೇ.

"ಮಗಳು ಹುಟ್ಟಿದಾಗ ಹೊತ್ತ ಹರಕೆ ಸಾರ್. ಮಂಡಿ ಅಂತ ಮುಂದಕ್ಕೆ ಹಾಕ್ತಾ ಹಾಕ್ತಾ ಅವಳಿಗೇ ಇಪ್ಪತ್ತೆರಡಾಯ್ತು. ನಂದಿ ಹತ್ರ ಕೂತು ನೀರು ಕುಡಿದೆ, ಅಷ್ಟೇ."

ಆಷಾಢದಲ್ಲೇ ಹೇಳಬಾರದಿತ್ತೇ, ಎಲ್ಲರೂ ಸಂಭ್ರಮಿಸುತ್ತಿದ್ದೆವಲ್ಲ ಅಂದೆ.

"ಅದು ಅಮ್ಮನವರ ಲೆಕ್ಕ, ಮುಗೀತು. ಇದು ನಿಮ್ಮ ಲೆಕ್ಕ" ಅಂತ ಪುಸ್ತಕದ ಕಡೆ ಕೈ ತೋರಿಸಿದರು. "ಬಸ್ಸಲ್ಲಿ ಟಿಕೆಟ್ ಕೊಟ್ಟರೆ ಇಳಿಯೋ ಸ್ಟಾಪ್ ಅಂತ ಒಂದು ಇರುತ್ತೆ. ಇಲ್ಲಿ ನಂಗೆ ಯಾವ ಸ್ಟಾಪಿಗೆ ಟಿಕೆಟ್ ಕೊಟ್ಟಿದ್ದೀರಿ ಸಾರ್?"

ಉತ್ತರ ನನಗೆ ಹೊಳೆಯಲಿಲ್ಲ. ಅವರೂ ಕಾಯಲಿಲ್ಲ. ಕುಂಕುಮ ತಾಗದಂತೆ ಪುಟ ತಿರುವಿ, ದಾರದ ಪೆನ್ನು ಎಳೆದುಕೊಂಡು ಆ ದಿನದ ಸಹಿ ಹಾಕಿದರು. ಆಯುಧಪೂಜೆಯ ದಿನ ಸಲಕರಣೆ ಮುಟ್ಟುವಂತಿಲ್ಲ, ಬಂದದ್ದಂತೂ ನಿಜವಲ್ಲವೇ ಅಂದರು.